ಗೋಡೆಯ ಚಾರ್ಜರ್ ದೊಡ್ಡದಾದರೆ ಕಾರು ಬೇಗ ಚಾರ್ಜ್ ಆಗುತ್ತದೆಯೇ?

ಪ್ರಶ್ನೆ: ನನ್ನಲ್ಲಿರುವುದು 30.2 ಕಿಲೋವ್ಯಾಟ್-ಅವರ್ ಬ್ಯಾಟರಿಯ ಟಾಟಾ ನೆಕ್ಸಾನ್ ಇವಿ. ಮನೆಯ 15 ಆಂಪಿಯರ್ ಸಾಕೆಟ್‌ನಲ್ಲಿ ಪೂರ್ತಿ ಚಾರ್ಜ್ ಆಗಲು ಇಡೀ ರಾತ್ರಿ ಬೇಕು. ಗೋಡೆಗೆ 7.2 ಕಿಲೋವ್ಯಾಟ್ ಚಾರ್ಜರ್ ಹಾಕಿಸಿದರೆ ಅರ್ಧ ಹೊತ್ತಿನಲ್ಲಿ ಮುಗಿಯುತ್ತದೆಯೇ? ಹೊರಗಿನ ಡಿಸಿ ಚಾರ್ಜರ್ ಒಂದು ಗಂಟೆಯಲ್ಲಿ ಮಾಡುವ ಕೆಲಸ ಮನೆಯಲ್ಲಿ ಏಕೆ ಆಗುವುದಿಲ್ಲ?

ಉತ್ತರ: ಮುಗಿಯುವುದಿಲ್ಲ, ಈಗ ಹಿಡಿಯುವಷ್ಟೇ ಹೊತ್ತು ಹಿಡಿಯುತ್ತದೆ. ಗೋಡೆಯ ಪೆಟ್ಟಿಗೆಯನ್ನು ನಾವೆಲ್ಲರೂ ಚಾರ್ಜರ್ ಎಂದೇ ಕರೆಯುತ್ತೇವಾದರೂ ನಿಜವಾದ ಚಾರ್ಜರ್ ಇರುವುದು ಕಾರಿನೊಳಗೆ. ಮನೆಗೆ ಬರುವುದು ಎಸಿ, ಅಂದರೆ ದಿಕ್ಕು ಬದಲಿಸುತ್ತಾ ಹರಿಯುವ ವಿದ್ಯುತ್; ಬ್ಯಾಟರಿಗೆ ಬೇಕಾದದ್ದು ಡಿಸಿ, ಅಂದರೆ ಒಂದೇ ದಿಕ್ಕಿನಲ್ಲಿ ಹರಿಯುವ ವಿದ್ಯುತ್. ಒಂದನ್ನು ಇನ್ನೊಂದಾಗಿ ಬದಲಿಸುವ ಯಂತ್ರವೇ ಆನ್‌ಬೋರ್ಡ್ ಚಾರ್ಜರ್, ಮತ್ತು ತಮ್ಮ ಕಾರಿನಲ್ಲಿ ಅದರ ಸಾಮರ್ಥ್ಯ 3.3 ಕಿಲೋವ್ಯಾಟ್. ಗಿರಣಿಯ ಬಾಗಿಲಿಗೆ ಒಂದು ಮೂಟೆಯ ಬದಲು ಎರಡು ಮೂಟೆ ರಾಗಿ ತಂದಿಟ್ಟರೂ ಬೀಸುವ ವೇಗ ಹೆಚ್ಚುವುದಿಲ್ಲವಲ್ಲ, ಇದೂ ಹಾಗೆಯೇ.

ಗೋಡೆಯ ಪೆಟ್ಟಿಗೆಯ ಕೆಲಸ ಸುರಕ್ಷತೆಯನ್ನು ನೋಡಿಕೊಳ್ಳುವುದು ಮತ್ತು ತಾನು ಎಷ್ಟು ಕೊಡಬಲ್ಲೆ ಎಂದು ಕಾರಿಗೆ ತಿಳಿಸುವುದು. ಕಾರಿಗೆ ಸಿಕ್ಕಿಸುವ ಹಿಡಿಕೆಯ, ಅಂದರೆ ಗನ್ನಿನ, ಒಂದು ಸಣ್ಣ ಪಿನ್ನಿನಲ್ಲಿ ಸೆಕೆಂಡಿಗೆ 1000 ಬಾರಿ ಮಿಡಿಯುವ ಸಂಕೇತವೊಂದು ಹರಿಯುತ್ತಿರುತ್ತದೆ. ಆ ಮಿಡಿತದ ಅಗಲವನ್ನು ಅಳೆದು ಕಾರು 16 ಆಂಪಿಯರ್ ಲಭ್ಯವಿದೆಯೋ 32 ಲಭ್ಯವಿದೆಯೋ ಎಂದು ತಿಳಿಯುತ್ತದೆ. ಅದು ಗರಿಷ್ಠ ಮಿತಿಯೇ ಹೊರತು ಅಷ್ಟನ್ನು ಎಳೆಯಲೇಬೇಕೆಂಬ ಆಜ್ಞೆಯಲ್ಲ. 230 ವೋಲ್ಟ್‌ನಲ್ಲಿ 32 ಆಂಪಿಯರ್ ಎಂದರೆ ಸುಮಾರು 7.4 ಕಿಲೋವ್ಯಾಟ್ ಆಗುತ್ತದೆ, ಆದರೆ 3.3 ಕಿಲೋವ್ಯಾಟ್‌ನ ಚಾರ್ಜರ್ 14 ಆಂಪಿಯರ್‌ಗಿಂತ ತುಸು ಹೆಚ್ಚು ಎಳೆದು ಅಲ್ಲಿಗೇ ನಿಲ್ಲುತ್ತದೆ.

22 ಕಿಲೋವ್ಯಾಟ್ ಎಂದು ಬರೆದಿರುವ ಎಸಿ ಚಾರ್ಜರಿನ ಮುಂದೆ ಕಾರು ನಿಲ್ಲಿಸಿ ನಿರಾಶರಾಗುವವರ ತೊಂದರೆಯೂ ಇದೇ. ಆ 22 ಎಂಬುದು ಮೂರು ಫೇಸ್‌ಗಳಲ್ಲಿ ತಲಾ 32 ಆಂಪಿಯರ್ ಸೇರಿದಾಗಿನ ಲೆಕ್ಕ. ಸಿಂಗಲ್ ಫೇಸ್ ಕಾರು ಅದರಲ್ಲಿ ಒಂದನ್ನು ಮಾತ್ರ ಬಳಸಬಲ್ಲದು. ಕಾರಿನ ಚಾರ್ಜಿಂಗ್ ಮುಚ್ಚಳ ತೆರೆದು ಟಾರ್ಚ್ ಬಿಟ್ಟು ನೋಡಿದರೆ, ಇಂತಹ ಹಲವು ಕಾರುಗಳಲ್ಲಿ ಮೇಲಿನ ದುಂಡನೆಯ ಭಾಗದ ಕೆಳಸಾಲಿನ ಎರಡು ಕುಳಿಗಳಲ್ಲಿ ಲೋಹದ ಪಿನ್ನೇ ಇರುವುದಿಲ್ಲ. ಉಳಿದೆರಡು ಫೇಸ್‌ಗಳು ಬರಬೇಕಾಗಿದ್ದ ಜಾಗ ಅದು.

ಅದಕ್ಕೂ ಕೆಳಗೆ ಎರಡು ದಪ್ಪ ಪಿನ್ನುಗಳಿವೆ. ಡಿಸಿ ಹರಿಯುವುದು ಅವುಗಳ ಮೂಲಕ. ಡಿಸಿ ಕೇಂದ್ರದಲ್ಲಿ ಬೀರುವಿನಷ್ಟು ಎತ್ತರದ ಯಂತ್ರವೇ ಎಸಿಯನ್ನು ಡಿಸಿಯಾಗಿ ಬದಲಿಸಿ ಕೊಡುವುದರಿಂದ ಕಾರಿನ ಆನ್‌ಬೋರ್ಡ್ ಚಾರ್ಜರಿಗೆ ಅಲ್ಲಿ ಕೆಲಸವಿಲ್ಲ. ಆದರೆ ಅಲ್ಲಿಯೂ ಫಲಕದ ಮೇಲಿನ ಸಂಖ್ಯೆಯೇ ಕೊನೆಯ ಮಾತಲ್ಲ: ಬ್ಯಾಟರಿಯ ಉಷ್ಣಾಂಶ ಮತ್ತು ಆ ಕ್ಷಣದ ಚಾರ್ಜ್ ಮಟ್ಟವನ್ನು ನೋಡಿ ಎಷ್ಟು ವಿದ್ಯುತ್ ಬೇಕೆಂದು ಕೇಳುವುದು ಕಾರಿನ ಬ್ಯಾಟರಿ ನಿರ್ವಹಣಾ ವ್ಯವಸ್ಥೆ, ಮತ್ತು ಶೇಕಡಾ 80 ದಾಟುತ್ತಿದ್ದಂತೆ ಅದು ಕೇಳುವುದನ್ನೇ ಬಹಳ ಕಡಿಮೆ ಮಾಡುತ್ತದೆ. ಒಂದೇ ಯಂತ್ರಕ್ಕೆ ಎರಡು ಗನ್ನುಗಳಿದ್ದು ಪಕ್ಕದಲ್ಲಿ ಇನ್ನೊಂದು ಕಾರು ನಿಂತಿದ್ದರೆ, ಶಕ್ತಿ ಹಂಚಿಹೋಗುವುದೂ ಉಂಟು.

ಹಾಗಾದರೆ ತಯಾರಕರು ಕಾರಿನೊಳಗೇ ದೊಡ್ಡ ಚಾರ್ಜರ್ ಇಡಬಾರದೇಕೆ? ಇಡಬಹುದು; ಯೂರೋಪಿನ ರೆನೋ ಜೋಯಿ ಕಾರಿನಲ್ಲಿ 22 ಕಿಲೋವ್ಯಾಟ್ ಎಸಿ ಚಾರ್ಜಿಂಗ್ ಇತ್ತು. ಆದರೆ ಬೆಲೆ, ತೂಕ, ತಂಪುಗೊಳಿಸುವ ವ್ಯವಸ್ಥೆ ಎಲ್ಲವೂ ಅದರೊಂದಿಗೆ ಹೆಚ್ಚುತ್ತವೆ. ನಮ್ಮಲ್ಲಿಯೂ 2022ರ ನೆಕ್ಸಾನ್ ಇವಿ ಮ್ಯಾಕ್ಸ್‌ನಲ್ಲಿ 3.3 ಅಥವಾ 7.2 ಕಿಲೋವ್ಯಾಟ್ ಎಂಬ ಆಯ್ಕೆ ಕೊಳ್ಳುವಾಗಲೇ ಇತ್ತು. ಹೊಸ ವಿದ್ಯುತ್ ಕಾರು ಕೊಳ್ಳುವವರು ಬ್ಯಾಟರಿಯ ಗಾತ್ರವನ್ನು ವಿಚಾರಿಸುವಷ್ಟೇ ಶ್ರದ್ಧೆಯಿಂದ ಈ ಸಂಖ್ಯೆಯನ್ನೂ ವಿಚಾರಿಸಬೇಕೆಂಬುದು ನನ್ನ ಒತ್ತಾಯ, ಏಕೆಂದರೆ ಆಮೇಲೆ ಅದನ್ನು ಬದಲಿಸುವುದು ಸುಲಭವಲ್ಲ. ಅದು ಹೈವೋಲ್ಟೇಜ್ ಭಾಗವಾದ್ದರಿಂದ ಹೊರಗಿನ ಮೆಕ್ಯಾನಿಕ್‌ನಿಂದ ಕೈಯಾಡಿಸುವುದು ಅಪಾಯಕರ.

ತಮ್ಮ ಮಟ್ಟಿಗೆ ಹೇಳುವುದಾದರೆ ದಿನಕ್ಕೆ 50 ಕಿಲೋಮೀಟರ್ ಓಡಿಸಿದರೂ, ಯೂನಿಟ್‌ಗೆ (ಒಂದು ಕಿಲೋವ್ಯಾಟ್-ಅವರ್‌ಗೆ) 7 ಕಿಲೋಮೀಟರಿನಂತೆ ಸುಮಾರು 7 ಯೂನಿಟ್, ಪರಿವರ್ತನೆಯಲ್ಲಿ ಸೋರಿಹೋಗುವುದನ್ನು ಸೇರಿಸಿದರೆ 8 ಯೂನಿಟ್ ಸಾಕು. ಅಷ್ಟನ್ನು ತುಂಬಲು 3.3 ಕಿಲೋವ್ಯಾಟ್‌ಗೆ ಎರಡೂವರೆ ಗಂಟೆ ಬೇಕಾಗುತ್ತದೆ. ಗೋಡೆಯ ಪೆಟ್ಟಿಗೆಗೆಂದು ತೆಗೆದಿಟ್ಟ ಹಣದಲ್ಲಿ ಸ್ವಲ್ಪವನ್ನು ಈಗಿರುವ ಸಾಕೆಟ್‌ಗೆ ಖರ್ಚು ಮಾಡಿ. ಚಾರ್ಜ್ ಶುರುವಾಗಿ ಒಂದು ಗಂಟೆಯ ಬಳಿಕ ಪ್ಲಗ್ಗಿನ ಹೊರಮೈಯನ್ನು ಮುಟ್ಟಿ ನೋಡಿ. ಬೆಚ್ಚಗಿದ್ದರೆ ಚಿಂತೆಯಿಲ್ಲ, ಕೈಯಿಡಲಾಗದಷ್ಟು ಬಿಸಿಯಾಗಿದ್ದರೆ ಕೂಡಲೇ ಚಾರ್ಜಿಂಗ್ ನಿಲ್ಲಿಸಿ. ಒಳಗಿನ ಹಿಡಿತ ಸಡಿಲಗೊಂಡಿರುವ ಸಾಧ್ಯತೆಯೇ ಹೆಚ್ಚು. ಎಲೆಕ್ಟ್ರಿಷಿಯನ್‌ನನ್ನು ಕರೆಸಿ ಒಳ್ಳೆಯ ಸಾಕೆಟ್, ಅದಕ್ಕೆಂದೇ ಮೀಟರ್ ಬೋರ್ಡಿನಿಂದ ಎಳೆದ ಬೇರೆ ವೈರ್ ಮತ್ತು ಎಂಸಿಬಿ (ಮಿತಿ ಮೀರಿ ವಿದ್ಯುತ್ ಹರಿದರೆ ತಾನಾಗಿ ಕಡಿತಗೊಳಿಸುವ ಸ್ವಿಚ್) ಹಾಕಿಸಿ, ಅರ್ಥಿಂಗ್ ಸರಿಯಿದೆಯೇ ಎಂದು ಪರೀಕ್ಷಿಸಿಕೊಳ್ಳಿ. ಮುಂದೊಮ್ಮೆ 7.2 ಕಿಲೋವ್ಯಾಟ್ ಸ್ವೀಕರಿಸುವ ಕಾರು ಬಂದಾಗ ಗೋಡೆಯ ಪೆಟ್ಟಿಗೆಯ ವಿಚಾರ ಮಾಡಬಹುದು. ಆಗ ಮನೆಗೆ ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಎಂಬುದನ್ನು ವಿದ್ಯುತ್ ಬಿಲ್ಲಿನಲ್ಲಿ ಮೊದಲು ನೋಡಿಕೊಳ್ಳಬೇಕಾಗುತ್ತದೆ.