ಅಕ್ವೇರಿಯಂಗೆ ಕಲ್ಲು ಆರಿಸುವುದು: ಬಣ್ಣ ನೋಡಬೇಡಿ, ಪರೀಕ್ಷೆ ಮಾಡಿ

ಅಡುಗೆಮನೆಯ ಶೆಲ್ಫಿಗೆ ಹಾಕುವ ಕಪ್ಪು ಕಡಪ ಕಲ್ಲನ್ನು ನೋಡಿದ್ದೀರಲ್ವಾ? ಅದರ ಒಡೆದ ಚೂರನ್ನು ಟ್ಯಾಂಕಿನಲ್ಲಿ ನಿಲ್ಲಿಸಿದರೆ ಎಷ್ಟೋ ಜನ ಗ್ರಾನೈಟ್ ಅಂದುಕೊಳ್ಳುತ್ತಾರೆ. ಆದರೆ ಅದು ಸುಣ್ಣದಕಲ್ಲು. ಕಲಬುರಗಿ ಕಡೆಯ ಶಹಾಬಾದ್ ಕಲ್ಲೂ ಅಷ್ಟೇ. ಮಾರ್ಬಲ್ ಕೂಡ ಅದೇ ಜಾತಿ.

ಇವುಗಳಲ್ಲಿ ಮುಖ್ಯವಾಗಿ ಇರುವುದು ಕ್ಯಾಲ್ಸಿಯಂ ಕಾರ್ಬೊನೇಟ್. ಮೀನು ಉಸಿರಾಡಿ ಬಿಡುವ ಕಾರ್ಬನ್ ಡೈಆಕ್ಸೈಡ್ ನೀರಿನಲ್ಲಿ ಬೆರೆತು ಸ್ವಲ್ಪ ಹುಳಿಯಾಗುತ್ತದೆ. ಆ ಹುಳಿಗೆ ಕಲ್ಲು ನಿಧಾನವಾಗಿ ಕರಗುತ್ತದೆ. ನೀರು ಗಡುಸಾಗುತ್ತದೆ, ಅಂದರೆ ಕರಗಿದ ಸುಣ್ಣದಂಶ ಜಾಸ್ತಿಯಾಗುತ್ತದೆ. ಪಿಎಚ್ (ನೀರು ಹುಳಿಯೋ ಕ್ಷಾರವೋ ಎನ್ನುವ ಅಳತೆ) ಏರುತ್ತದೆ. ಗಿಡಗಳಿಗೆಂದು ಸಿಲಿಂಡರ್‌ನಿಂದ ಇದೇ ಕಾರ್ಬನ್ ಡೈಆಕ್ಸೈಡ್ ಬಿಡುವ ಟ್ಯಾಂಕಿನಲ್ಲಿ ಇದು ಇನ್ನೂ ಜಾಸ್ತಿ.

ನಿಯಾನ್ ಟೆಟ್ರಾ ಅಮೆಜಾನ್ ಕಡೆಯ ಮೀನು. ಅದಕ್ಕೆ ಮೆದು ನೀರು ಬೇಕು. ಆಫ್ರಿಕಾದ ಮಲಾವಿ ಸರೋವರದ ಸಿಕ್ಲಿಡ್ ಮೀನುಗಳಿಗೆ ಗಡುಸು ನೀರೇ ಇಷ್ಟ, ಪಿಎಚ್ 8ರ ಆಸುಪಾಸು. ಅವಕ್ಕೆ ಸುಣ್ಣದಕಲ್ಲು ಅನುಕೂಲವೇ. ಹಾಗಾಗಿ ಮೊದಲು ಮೀನು ಯಾವುದು ಅಂತ ತೀರ್ಮಾನಿಸಿ, ಆಮೇಲೆ ಕಲ್ಲು.

ಕಲ್ಲಿನಲ್ಲಿ ಸುಣ್ಣ ಇದೆಯಾ ಅಂತ ನೋಡಲು ವಿನೆಗರ್ ಪರೀಕ್ಷೆ ಎಲ್ಲರೂ ಹೇಳುತ್ತಾರೆ. ಸುಮ್ನೆ ಕಲ್ಲಿನ ಮೇಲೆ ಸುರಿದರೆ ಸಾಲದು. ಒಣಗಿದ ಕಲ್ಲನ್ನು ಮೊಳೆಯಿಂದ ಗೀರಿ ಪುಡಿ ಮಾಡಿ, ಆ ಪುಡಿಗೆ ಹನಿ ಬಿಡಿ. ವಿನೆಗರ್ ತೀರಾ ಸೌಮ್ಯವಾದ ಹುಳಿ. ಡಾಲಮೈಟ್‌ನಂಥ (ಸುಣ್ಣದ ಜೊತೆ ಮೆಗ್ನೀಸಿಯಂ ಇರುವ) ಕಲ್ಲು ಪುಡಿಯಾಗದೆ ಗಟ್ಟಿಯಾಗಿದ್ದಾಗ ಗುಳ್ಳೆ ಬಿಡುವುದೇ ಕಷ್ಟ. ಗುಳ್ಳೆ ಬಂತೆಂದರೆ ಸುಣ್ಣ ಇದೆ. ಬರಲಿಲ್ಲ ಅಂತ ಕೂಡಲೇ ಟ್ಯಾಂಕಿಗೆ ಇಳಿಸಬೇಡಿ.

ನಾನು ಜಾಸ್ತಿ ನಂಬುವುದು ಬಕೆಟ್ ಪರೀಕ್ಷೆಯನ್ನು. ಎರಡು ಬಕೆಟ್‌ಗೆ ಒಂದೇ ನೀರು ತುಂಬಿ. ಒಂದರಲ್ಲಿ ಕಲ್ಲು ಇಡಿ, ಇನ್ನೊಂದು ಖಾಲಿ ಇರಲಿ. ಎರಡು ವಾರ ಬಿಟ್ಟು ಎರಡರ ಪಿಎಚ್ ಮತ್ತು ಗಡಸುತನ ಅಳೆಯಿರಿ. ಕಲ್ಲಿಲ್ಲದ ಬಕೆಟ್ ಯಾಕೆ? ಬೋರ್‌ವೆಲ್ ನೀರಿನಲ್ಲಿ ಕರಗಿರುವ ಕಾರ್ಬನ್ ಡೈಆಕ್ಸೈಡ್ ಹೊರಹೋದಾಗ ಪಿಎಚ್ ತಾನಾಗೇ ಏರುತ್ತದೆ. ಹೋಲಿಸಿ ನೋಡದಿದ್ದರೆ ಪಾಪದ ಕಲ್ಲಿನ ಮೇಲೆ ತಪ್ಪು ಹೊರಿಸುತ್ತೇವೆ.

ಲೋಹದ ವಿಷ ವಿನೆಗರ್‌ಗೆ ಗೊತ್ತಾಗುವುದಿಲ್ಲ. ಚಿನ್ನದಂತೆ ಮಿನುಗುವ ಚುಕ್ಕೆ, ತುಕ್ಕಿನ ಗೆರೆ, ಹಸಿರು ಕಲೆ ಇದ್ದರೆ ಆ ಕಲ್ಲು ಬೇಡ. ಹಸಿರು ಕಲೆ ತಾಮ್ರದ್ದೂ ಇರಬಹುದು, ಸಿಗಡಿ ಮತ್ತು ಬಸವನಹುಳುಗಳಿಗೆ ತಾಮ್ರ ಸ್ವಲ್ಪ ಇದ್ದರೂ ವಿಷವೇ.

ಗ್ರಾನೈಟ್, ಬೆಣಚುಕಲ್ಲು, ಬಸಾಲ್ಟ್ ಸಾಮಾನ್ಯವಾಗಿ ನೀರನ್ನು ಬದಲಿಸುವುದಿಲ್ಲ. ಸೋಪು ಹಾಕದೆ ಬ್ರಷ್‌ನಿಂದ ಉಜ್ಜಿ ತೊಳೆಯಿರಿ. ಕುದಿಸಲೇಬೇಡಿ. ಬಿರುಕಿನೊಳಗಿನ ನೀರು ಆವಿಯಾಗಿ ಕಲ್ಲು ಸಿಡಿಯಬಹುದು. ದೊಡ್ಡ ಕಲ್ಲನ್ನು ಮರಳಿನ ಮೇಲೆ ಇಡದೆ ಮೊದಲೇ ತಳಕ್ಕೆ ಕೂರಿಸಿ, ಆಮೇಲೆ ಮರಳು ಹಾಕಿ. ಸಿಕ್ಲಿಡ್‌ಗಳು ಮರಳು ತೋಡುತ್ತವೆ, ಕಲ್ಲು ಉರುಳಿದರೆ ಗಾಜು ಉಳಿಯುವುದಿಲ್ಲ.