ಡ್ರಿಪ್ ಏರಿಸುವ ಮುನ್ನ

ಮಳವಳ್ಳಿ ಕಡೆಯಿಂದ ಬೆಳಗಿನ ಮೊದಲ ಬಸ್ಸಿಗೆ ಮೈಸೂರಿಗೆ ಬಂದಿದ್ದ ಒಬ್ಬ ತಾಯಿ ಕೀಮೋ ವಾರ್ಡಿನ ತೂಕದ ಯಂತ್ರ ಹತ್ತಿ ನಿಂತರು. ಸ್ತನ ಕ್ಯಾನ್ಸರ್, ಮೂರನೆಯ ಸುತ್ತಿನ ಚಿಕಿತ್ಸೆ. ಮೊದಲ ಸುತ್ತಿನ ಚೀಟಿಯಲ್ಲಿ 58 ಕಿಲೋ ಎಂದಿತ್ತು. ಯಂತ್ರ ತೋರಿಸಿದ್ದು 49. "ಮುದ್ದೆ ನುಂಗಿದರೆ ಗಂಟಲು ಉರಿಯುತ್ತದೆ ಕಣವ್ವ, ಏನು ಉಣ್ಣಲಿ?" ಎಂದರು. ಅವರಿಗೆ ಅಂದು ಕೊಡಬೇಕಿದ್ದ ಕೀಮೋ ಔಷಧ ಡಾಕ್ಸೋರುಬಿಸಿನ್‌ನ ಲೆಕ್ಕ ಇನ್ನೂ ಹಳೆಯ ತೂಕದ ಮೇಲೆಯೇ ನಿಂತಿತ್ತು.

ನಾನು ಇಲ್ಲಿ ಫಾರ್ಮಸಿಸ್ಟ್. ನನ್ನ ಕೆಲಸ ಶುರುವಾಗುವುದೇ ಇಂಥ ಕಡೆ. ಕೀಮೋ ಔಷಧಗಳಲ್ಲಿ ಹೆಚ್ಚಿನವನ್ನು ದೇಹದ ಮೇಲ್ಮೈ ವಿಸ್ತೀರ್ಣ ನೋಡಿ ಕೊಡುತ್ತಾರೆ. ಸೆಂಟಿಮೀಟರಿನಲ್ಲಿ ಎತ್ತರ, ಕಿಲೋದಲ್ಲಿ ತೂಕ, ಎರಡನ್ನೂ ಗುಣಿಸಿ 3600ರಿಂದ ಭಾಗಿಸಿ ವರ್ಗಮೂಲ ತೆಗೆದರೆ ವಿಸ್ತೀರ್ಣ ಚದರ ಮೀಟರಿನಲ್ಲಿ ಸಿಗುತ್ತದೆ. 154 ಸೆಂಟಿಮೀಟರ್ ಎತ್ತರದ ಈ ತಾಯಿಗೆ ಮೊದಲು ಸುಮಾರು 1.57 ಇತ್ತು, ಈಗ 1.45. ಚದರ ಮೀಟರಿಗೆ 60 ಮಿಲಿಗ್ರಾಂನಂತೆ 94ರ ಜಾಗದಲ್ಲಿ 87 ಸಾಕು. ಏಳು ಮಿಲಿಗ್ರಾಂ ಎಂದರೆ ಸಕ್ಕರೆಯ ಕೆಲವೇ ಹರಳು. ಆದರೆ ಕೀಮೋ ಔಷಧದಲ್ಲಿ ಗುಣ ಮಾಡುವ ಪ್ರಮಾಣಕ್ಕೂ ಕೆಡುಕು ಮಾಡುವ ಪ್ರಮಾಣಕ್ಕೂ ನಡುವೆ ಇರುವ ಓಣಿ ಬಹಳ ಇಕ್ಕಟ್ಟು. ಬಾಯಲ್ಲಿ ಹುಣ್ಣೆದ್ದು ಅನ್ನ ಇಳಿಯದ ದೇಹಕ್ಕೆ ಹೆಚ್ಚಿನದೇನೂ ಬೀಳಬಾರದು. ನಾನು ವೈದ್ಯರಿಗೆ ಫೋನ್ ಮಾಡಿ ಹೊಸ ತೂಕವನ್ನೂ ಬಾಯಿಹುಣ್ಣಿನ ಸಂಗತಿಯನ್ನೂ ತಿಳಿಸಿದೆ. ಅವರು ಬಂದು ಗಂಟಲು ನೋಡಿ, ರಕ್ತದ ವರದಿ ತರಿಸಿಕೊಂಡು, ಲೆಕ್ಕ ತಿದ್ದಿ ಸಹಿ ಮಾಡಿದರು.

ಇದೇ ಔಷಧದ ಇನ್ನೊಂದು ಲೆಕ್ಕವನ್ನೂ ಇಡಬೇಕು. ಡಾಕ್ಸೋರುಬಿಸಿನ್ ಹೃದಯದ ಸ್ನಾಯುವಿಗೆ ಮಾಡುವ ಹಾನಿ ಸುತ್ತಿನಿಂದ ಸುತ್ತಿಗೆ ಕೂಡುತ್ತ ಹೋಗುತ್ತದೆ. ಆದ್ದರಿಂದ ಒಬ್ಬರಿಗೆ ಇಡೀ ಜೀವಮಾನದಲ್ಲಿ ಕೊಡಬಹುದಾದದ್ದಕ್ಕೆ ಮಿತಿ ಇದೆ. ಸಾಮಾನ್ಯವಾಗಿ ಚದರ ಮೀಟರಿಗೆ 450ರಿಂದ 550 ಮಿಲಿಗ್ರಾಂ. ಡೇರಿಗೆ ಹಾಲು ಹಾಕುವವರ ಪಾಸ್‌ಬುಕ್ಕಿನಂತೆ ಪ್ರತಿ ಸುತ್ತಿನದನ್ನೂ ಬರೆದು ಕೂಡಿಸುತ್ತ ಬರುತ್ತೇವೆ. ಹತ್ತು ವರ್ಷದ ಹಿಂದೆ ಬೇರೆ ಊರಿನಲ್ಲಿ ತೆಗೆದುಕೊಂಡದ್ದೂ ಆ ಲೆಕ್ಕಕ್ಕೆ ಸೇರಲೇಬೇಕು. ಹಳೆಯ ಕಾಗದಗಳನ್ನು ಎಸೆಯಬೇಡಿ ಎಂದು ನಾನು ಎಲ್ಲರನ್ನೂ ಬೇಡಿಕೊಳ್ಳುವುದು ಇದಕ್ಕೇ.

ಫಾರ್ಮಸಿಸ್ಟ್ ಎಂದೊಡನೆ "ಯಾವ ಕಡೆ ಮೆಡಿಕಲ್ಸ್ ಇಟ್ಟಿದ್ದೀರಿ?" ಎಂದು ಕೇಳುವವರೇ ಹೆಚ್ಚು. ಮಾತ್ರೆ ಎಣಿಸಿ ಕೊಡುವುದಕ್ಕೂ ರೋಗಿಯ ಮಂಚದ ಬಳಿ ನಿಂತು ಆ ಔಷಧ ಈ ದೇಹಕ್ಕೆ ಸರಿಯೇ ಎಂದು ನೋಡುವುದಕ್ಕೂ ಇರುವ ವ್ಯತ್ಯಾಸವನ್ನು ಹೇಳಿಕೊಟ್ಟ ಊರುಗಳಲ್ಲಿ ಮೈಸೂರಿಗೆ ಮುಂಚೂಣಿಯ ಜಾಗವಿದೆ. ಇಲ್ಲಿನ ಜೆಎಸ್‌ಎಸ್ ಫಾರ್ಮಸಿ ಕಾಲೇಜು 1990ರ ದಶಕದಲ್ಲೇ ಆಸ್ಪತ್ರೆಯ ವಾರ್ಡನ್ನು ಪಾಠದ ಕೋಣೆ ಮಾಡಿಕೊಂಡು ಸ್ನಾತಕೋತ್ತರ ಬೋಧನೆ ಆರಂಭಿಸಿತು. 2008ರಲ್ಲಿ ದೇಶದಲ್ಲಿ ಫಾರ್ಮ್ ಡಿ, ಅಂದರೆ ಡಾಕ್ಟರ್ ಆಫ್ ಫಾರ್ಮಸಿ, ಪದವಿ ಬಂತು. ವಿಜ್ಞಾನದಲ್ಲಿ ಪಿಯುಸಿ ಮುಗಿಸಿದವರಿಗೆ ಆರು ವರ್ಷದ ಓದು, ಕೊನೆಯ ವರ್ಷವೆಲ್ಲ ಆಸ್ಪತ್ರೆಯಲ್ಲೇ. ಕ್ಯಾನ್ಸರಿನ ಕಡೆ ಬರುವವರು ಅದರ ಮೇಲೆ ಇನ್ನಷ್ಟು ಕಲಿಯಬೇಕು.

ಔಷಧ ಬೆರೆಸುವ ಕೋಣೆಯಲ್ಲಿ ಮಾತು ಕಡಿಮೆ. ಎರಡು ಜೊತೆ ಕೈಗವಸು, ಮೈ ಮುಚ್ಚುವ ಗೌನು, ಗಾಳಿಯನ್ನು ಒಳಗೆಳೆದು ಸೋಸುವ ಗಾಜಿನ ಪೆಟ್ಟಿಗೆ. ಕ್ಯಾನ್ಸರ್ ಕೋಶವನ್ನು ಕೊಲ್ಲುವ ಔಷಧ ಬೆರೆಸುವವರ ಕೋಶವನ್ನೂ ಬಿಡುವುದಿಲ್ಲ. ಉಪ್ಪುನೀರಿನ ಬಾಟಲಿ, ಗ್ಲೂಕೋಸ್ ಬಾಟಲಿ ನೋಡಲು ಒಂದೇ. ಆದರೆ ಆಕ್ಸಾಲಿಪ್ಲಾಟಿನ್ ಎಂಬ ಕೀಮೋ ಔಷಧ ಉಪ್ಪುನೀರಿನಲ್ಲಿ ಕೆಡುತ್ತದೆ, ಅದಕ್ಕೆ ಗ್ಲೂಕೋಸೇ ಆಗಬೇಕು. ರಕ್ತದ ಕ್ಯಾನ್ಸರ್ ಇರುವ ಮಕ್ಕಳಿಗೆ ಕೊಡುವ ವಿನ್‌ಕ್ರಿಸ್ಟಿನ್ ರಕ್ತನಾಳಕ್ಕೆ ಹೋದರೆ ಔಷಧ, ಬೆನ್ನುಹುರಿಯ ದ್ರವಕ್ಕೆ ಹೋದರೆ ಮಗು ಉಳಿಯುವುದು ತೀರಾ ಅಪರೂಪ. ಅದೇ ಮಗುವಿಗೆ ಬೆನ್ನಿನ ಮೂಲಕ ಕೊಡುವ ಬೇರೊಂದು ಇಂಜೆಕ್ಷನ್ನೂ ಇರುತ್ತದೆ. ಕೈತಪ್ಪು ಆಗಲು ಆಸ್ಪದವೇ ಇರಬಾರದೆಂದು ವಿನ್‌ಕ್ರಿಸ್ಟಿನ್ನನ್ನು ಸಿರಿಂಜಿಗೆ ತುಂಬದೆ ಸಣ್ಣ ಡ್ರಿಪ್ ಚೀಲಕ್ಕೆ ಬೆರೆಸುತ್ತೇವೆ. ಚೀಲವನ್ನು ಯಾರೂ ಬೆನ್ನಿಗೆ ಚುಚ್ಚಲಾರರು. ಇಷ್ಟು ಸರಳವಾದ ಉಪಾಯ ಹೊಳೆಯುವಷ್ಟರಲ್ಲಿ ಹಲವು ದೇಶಗಳಲ್ಲಿ ಜೀವಗಳು ಹೋಗಿದ್ದವು ಎಂಬುದನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

1994ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಆರೋಗ್ಯ ವರದಿಗಾರ್ತಿ ಬೆಟ್ಸಿ ಲೇಮನ್ ತೀರಿಕೊಂಡದ್ದೂ ಲೆಕ್ಕದ ತಪ್ಪಿನಿಂದಲೇ. ಸೈಕ್ಲೋಫಾಸ್ಫಮೈಡ್ ಎಂಬ ಔಷಧವನ್ನು ನಾಲ್ಕು ದಿನಕ್ಕೆ ಹಂಚಿ ಕೊಡಬೇಕಿತ್ತು. ನಾಲ್ಕು ದಿನದ ಒಟ್ಟು ಪ್ರಮಾಣವನ್ನು ಒಂದೊಂದು ದಿನವೂ ಕೊಟ್ಟರು. ಆ ಚೀಟಿ ಹಲವು ಕೈ ದಾಟಿತ್ತು, ಯಾರೂ ತಡೆಯಲಿಲ್ಲ. ಒಬ್ಬರು ಮಾಡಿದ ಲೆಕ್ಕವನ್ನು ಇನ್ನೊಬ್ಬರು ಬೇರೆಯಾಗಿ ಮಾಡಿ ತಾಳೆ ನೋಡುವ ಪದ್ಧತಿ ಆಮೇಲೆ ಗಟ್ಟಿಯಾಯಿತು.

ಆದರೂ ನನಗೆ ಹೆಚ್ಚು ಕಲಿಸಿದ್ದು ರೋಗಿಗಳ ಕೈಚೀಲ. "ಮನೆಯಲ್ಲಿ ಇನ್ನೇನು ತೆಗೆದುಕೊಳ್ಳುತ್ತೀರಿ?" ಎಂದರೆ ಏನೂ ಇಲ್ಲ ಎನ್ನುತ್ತಾರೆ. ಚೀಲ ಸುರಿದರೆ ಮಂಡಿನೋವಿನ ಮಾತ್ರೆ, ಗ್ಯಾಸ್ಟ್ರಿಕ್ ಮಾತ್ರೆ, ಯಾರೋ ಕೊಟ್ಟ ಕಷಾಯದ ಪುಡಿ ಹೊರಬೀಳುತ್ತವೆ. ಮೆಥೋಟ್ರೆಕ್ಸೇಟ್ ಎಂಬ ಕೀಮೋ ಔಷಧ ಹೆಚ್ಚಿನ ಪ್ರಮಾಣದಲ್ಲಿ ಹೋಗುವಾಗ ನಾವು ಸಲೀಸಾಗಿ ನುಂಗುವ ಗ್ಯಾಸ್ಟ್ರಿಕ್ ಮಾತ್ರೆ ಪ್ಯಾಂಟೊಪ್ರಜೋಲ್ ಕೂಡ ಆ ಔಷಧ ಮೂತ್ರದಲ್ಲಿ ಹೊರಹೋಗುವುದನ್ನು ನಿಧಾನಗೊಳಿಸಬಲ್ಲದು, ನೋವಿನ ಮಾತ್ರೆಗಳೂ ಅಷ್ಟೇ. ದಿನವೂ ಇಮಾಟಿನಿಬ್ ಎಂಬ ಕ್ಯಾನ್ಸರ್ ಮಾತ್ರೆ ನುಂಗುವವರಿಗೆ ಚಕ್ಕೋತದ ತೊಳೆ ತಿನ್ನಬೇಡಿ ಎನ್ನುತ್ತೇನೆ. ಕರುಳಿನಲ್ಲಿ ಆ ಮಾತ್ರೆಯನ್ನು ಒಡೆಯುವ ಕಿಣ್ವವನ್ನು ಈ ಹಣ್ಣಿನ ವರ್ಗದ ರಸ ತಡೆಯುತ್ತದೆ, ರಕ್ತದಲ್ಲಿ ಔಷಧ ಏರಬಹುದು. ಇದನ್ನೆಲ್ಲ ಗದರಿಸುವ ದನಿಯಲ್ಲಿ ಹೇಳಿದರೆ ಮುಂದಿನ ಸಲ ಚೀಲ ಮನೆಯಲ್ಲೇ ಉಳಿಯುತ್ತದೆ.

ಮಳವಳ್ಳಿಯ ತಾಯಿಗೆ ಬಾಯಿಹುಣ್ಣು ಮಾಯುವ ತನಕ ಕಾದು, ವಾರದ ನಂತರ ತಿದ್ದಿದ ಪ್ರಮಾಣದ ಔಷಧ ಕೊಟ್ಟೆವು. ಡ್ರಿಪ್ ಕೆಂಪಗೆ ಇಳಿಯುತ್ತಿದ್ದಾಗ ಪಕ್ಕದಲ್ಲಿ ಕುಳಿತು ಹೇಳಿದೆ: ಒಂದೆರಡು ದಿನ ಮೂತ್ರ ಕೆಂಪಾಗುತ್ತದೆ, ಅದು ಔಷಧದ ಬಣ್ಣ, ರಕ್ತವಲ್ಲ. ಜ್ವರ 100.4 ಡಿಗ್ರಿ ಮುಟ್ಟಿದರೆ ಬೆಳಗಾಗಲಿ ಎಂದು ಕಾಯಬೇಡಿ, ಆ ಹೊತ್ತಿನಲ್ಲಿ ಬಿಳಿ ರಕ್ತಕಣ ಕಡಿಮೆ ಇರುತ್ತದೆ, ಸೋಂಕು ತಾಸುಗಳಲ್ಲಿ ಏರುತ್ತದೆ. ಹೇಳಿದ್ದನ್ನು ಅವರ ಬಾಯಿಂದಲೇ ಮತ್ತೆ ಹೇಳಿಸಿದೆ. ಎಲ್ಲವನ್ನೂ ಸರಿಯಾಗಿ ಒಪ್ಪಿಸಿ, "ನಮ್ಮೂರಿಗೆ ರಾತ್ರಿ ಬಸ್ಸಿಲ್ಲವಲ್ಲವ್ವ" ಎಂದರು.

ಚೀಟಿಯನ್ನು ತಿರುಗಿಸಿ ಹಿಂದೆ ದೊಡ್ಡ ಅಂಕಿಗಳಲ್ಲಿ 108 ಎಂದು ಬರೆದೆ. ಅವರ ಮೊಮ್ಮಗನನ್ನು ಕರೆದು ಜ್ವರದ ಕಡ್ಡಿ ಓದುವುದನ್ನು ತೋರಿಸಿಕೊಟ್ಟೆ.