ಮೇಷ್ಟ್ರ ಪಟ್ಟಿ ಲೈಬ್ರರಿಗೆ ಮುಟ್ಟುವುದು ಹೇಗೆ?

ಬ್ರಿಟನ್ನಿನ ವಿಶ್ವವಿದ್ಯಾಲಯಗಳಲ್ಲಿ ರೀಡಿಂಗ್ ಲಿಸ್ಟ್ ಅಂದರೆ ದೊಡ್ಡ ವಿಷಯ. ಯಾವ ವಾರ ಯಾವ ಅಧ್ಯಾಯ, ಯಾವ ಲೇಖನ, ಓದಲೇಬೇಕಾದ್ದು ಯಾವುದು, ಪುರುಸೊತ್ತಿದ್ದರೆ ಓದಬಹುದಾದ್ದು ಯಾವುದು, ಎಲ್ಲ ಅದರಲ್ಲಿರುತ್ತದೆ. ಸಿಲಬಸ್ಸಿನ ಕೊನೆಗೆ ನಾವು ಅಂಟಿಸುವ 'ರೆಫರೆನ್ಸ್ ಬುಕ್ಸ್' ಪಟ್ಟಿಗೂ ಇದಕ್ಕೂ ಹೋಲಿಕೆಯೇ ಇಲ್ಲ.

ಮೊದಲೆಲ್ಲ ಈ ಪಟ್ಟಿಯನ್ನು ಮೇಷ್ಟ್ರು ವರ್ಡ್ ಫೈಲಿನಲ್ಲಿ ಟೈಪ್ ಮಾಡಿ ಕ್ಲಾಸಿನಲ್ಲಿ ಹಂಚಿಬಿಡುತ್ತಿದ್ದರು. ಲೈಬ್ರರಿಗೆ ಸುದ್ದಿಯೇ ಇರುತ್ತಿರಲಿಲ್ಲ. ಸೋಮವಾರ ಬೆಳಿಗ್ಗೆ ಇಡೀ ಕ್ಲಾಸು ಬಂದು ಒಂದೇ ಪುಸ್ತಕ ಕೇಳಿದಾಗ ಗೊತ್ತಾಗುವುದು: ಶೆಲ್ಫಿನಲ್ಲಿರುವುದು ಎರಡೇ ಪ್ರತಿ, ಅದೂ ಹಳೇ ಆವೃತ್ತಿ. ಆಮೇಲೆ ಆರ್ಡರ್ ಹಾಕಿ ತರಿಸುವಷ್ಟರಲ್ಲಿ ಪರೀಕ್ಷೆ ಮುಗಿದಿರುತ್ತದೆ.

ಇಂಗ್ಲೆಂಡಿನ ಲಫ್‌ಬರೋ ವಿಶ್ವವಿದ್ಯಾಲಯದ ಲೈಬ್ರರಿಯವರು 2000ದ ಆಸುಪಾಸಿನಲ್ಲಿ ಇದಕ್ಕೆಂದೇ 'ಲೋರ್ಲ್ಸ್' ಎಂಬ ಸಾಫ್ಟ್‌ವೇರನ್ನು ತಾವೇ ಬರೆದುಕೊಂಡರು. ಬೇರೆಯವರೂ ಬಳಸಲಿ ಎಂದು ಅದನ್ನು ಮುಕ್ತವಾಗಿಯೇ ಬಿಟ್ಟರು. ಆಮೇಲೆ ಕಂಪನಿಗಳು ಬಂದವು. ಬರ್ಮಿಂಗ್‌ಹ್ಯಾಮಿನ ಟಾಲಿಸ್ ಕಂಪನಿಯ 'ಆಸ್ಪೈರ್', ಎಕ್ಸ್ ಲಿಬ್ರಿಸ್‌ನ 'ಲೆಗಾಂಟೊ' ಇವತ್ತು ಹೆಚ್ಚು ಕೇಳಿಬರುವ ಹೆಸರುಗಳು.

ಮೇಲ್ನೋಟಕ್ಕೆ ಇವೆಲ್ಲ ಮಾಡುವ ಕೆಲಸ ಸಣ್ಣದು. ಮೇಷ್ಟ್ರು ಯಾವುದೋ ಪುಸ್ತಕದ ಪುಟ ನೋಡುತ್ತಿರುವಾಗ ಬ್ರೌಸರಿನ ಒಂದು ಬಟನ್ ಒತ್ತಿದರೆ ಸಾಕು, ಪುಸ್ತಕ ಪಟ್ಟಿಗೆ ಸೇರುತ್ತದೆ. ಲೇಖಕ, ಪ್ರಕಾಶಕ, ವರ್ಷ, ಐಎಸ್‌ಬಿಎನ್ (ಪುಸ್ತಕದ ಗುರುತಿನ ನಂಬರ್) ಎಲ್ಲವನ್ನೂ ಸಾಫ್ಟ್‌ವೇರೇ ಹೆಕ್ಕಿಕೊಳ್ಳುತ್ತದೆ. ಟೈಪ್ ಮಾಡಿದರೆ ಏನಾಗುತ್ತದೆ ಅಂತ ಕೇಳಬಹುದು. ಒಂದು ಐಎಸ್‌ಬಿಎನ್ ತೆಗೆದುಕೊಳ್ಳೋಣ: 978-0-306-40615-7. ಕೊನೆಯ 7 ಕಾವಲಿಗೆ ನಿಂತ ಅಂಕಿ. ಮೊದಲ ಹನ್ನೆರಡು ಅಂಕಿಗಳನ್ನು ಸಾಲಾಗಿ 1, 3, 1, 3 ಎಂದು ಗುಣಿಸುತ್ತ ಕೂಡಿದರೆ 93 ಬರುತ್ತದೆ. ಹತ್ತರಿಂದ ಭಾಗವಾಗುವ ಮುಂದಿನ ಸಂಖ್ಯೆ 100. ಅದಾಗಲು ಇನ್ನು 7 ಬೇಕು, ಅದೇ ಈ 7. ಯಾವುದೋ ಒಂದು ಅಂಕಿ ತಪ್ಪಿದರೂ ಲೆಕ್ಕ ಕೂಡುವುದಿಲ್ಲ, ಕಂಪ್ಯೂಟರ್ ತಕ್ಷಣ ಹಿಡಿಯುತ್ತದೆ.

ಆದರೆ 40615 ಎನ್ನುವುದನ್ನು 40165 ಎಂದು ಹೊಡೆದು ನೋಡಿ. ಮೊತ್ತ 83 ಆಗುತ್ತದೆ. 90 ಆಗಲು ಬೇಕಾದ್ದು ಮತ್ತೆ ಅದೇ 7! ಅಕ್ಕಪಕ್ಕದ ಎರಡು ಅಂಕಿಗಳ ಅಂತರ ಸರಿಯಾಗಿ 5 ಇದ್ದರೆ, ಅವು ಅದಲುಬದಲಾದರೂ ಕಾವಲುಗಾರನಿಗೆ ಗೊತ್ತಾಗುವುದಿಲ್ಲ. 2007ಕ್ಕೆ ಮುಂಚೆ ಇದ್ದ ಹತ್ತಂಕಿಯ ಐಎಸ್‌ಬಿಎನ್ ಹತ್ತರ ಬದಲು 11ರಿಂದ ಭಾಗಿಸುವ ಲೆಕ್ಕದ್ದು. ಅದು ಇಂಥದ್ದನ್ನೂ ಹಿಡಿಯುತ್ತಿತ್ತು. ಹೊಸದು ಬಂದಾಗ ಹಳೆಯದರ ಒಂದು ಜಾಣತನ ಹೋಯಿತು ಅನ್ನಿ.

ಐಎಸ್‌ಬಿಎನ್ ಸರಿ ಇದ್ದರೂ ಕಷ್ಟ ಮುಗಿಯುವುದಿಲ್ಲ. ಗಟ್ಟಿ ರಟ್ಟಿನ ಪ್ರತಿಗೊಂದು ನಂಬರ್, ಪೇಪರ್‌ಬ್ಯಾಕಿಗೊಂದು, ಇ-ಬುಕ್ಕಿಗೆ ಮತ್ತೊಂದು. ಮೇಷ್ಟ್ರ ಪಾಲಿಗೆ ಮೂರೂ ಒಂದೇ ಪುಸ್ತಕ. ಕಂಪ್ಯೂಟರಿಗೆ ಹಾಗೆ ತಿಳಿಹೇಳದಿದ್ದರೆ, ಪೇಪರ್‌ಬ್ಯಾಕ್ ಶೆಲ್ಫಿನಲ್ಲಿ ಕೂತಿರುವಾಗಲೇ 'ಪುಸ್ತಕ ಲಭ್ಯವಿಲ್ಲ' ಅನ್ನುತ್ತದೆ.

ಜರ್ನಲ್ ಲೇಖನಗಳದ್ದು ಇನ್ನೊಂದು ಕಥೆ. ಒಂದೇ ಲೇಖನ ಪ್ರಕಾಶಕರ ಜಾಲತಾಣದಲ್ಲೂ ಇರುತ್ತದೆ, ಎರಡು ಮೂರು ಡೇಟಾಬೇಸ್‌ಗಳಲ್ಲೂ ಇರುತ್ತದೆ. ನಿಮ್ಮ ಲೈಬ್ರರಿ ದುಡ್ಡು ಕಟ್ಟಿರುವುದು ಯಾವುದೋ ಒಂದಕ್ಕೆ. ಲಿಂಕ್ ತಪ್ಪು ಬಾಗಿಲಿಗೆ ಒಯ್ದರೆ, ಅಲ್ಲಿ ಹುಡುಗರ ಹತ್ತಿರ ಮತ್ತೆ ದುಡ್ಡು ಕೇಳುತ್ತಾರೆ. 1990ರ ದಶಕದ ಕೊನೆಯಲ್ಲಿ ಬೆಲ್ಜಿಯಂನ ಘೆಂಟ್ ವಿಶ್ವವಿದ್ಯಾಲಯದಲ್ಲಿದ್ದ ಹರ್ಬರ್ಟ್ ವಾನ್ ಡ ಸೊಂಪೆಲ್ ಇದಕ್ಕೊಂದು ದಾರಿ ಕಂಡರು. ಲಿಂಕಿನಲ್ಲಿ ವಿಳಾಸ ಬರೆಯುವ ಬದಲು ಲೇಖನದ ಗುರುತು ಬರೆಯುವುದು: ಜರ್ನಲ್, ಸಂಪುಟ, ಪುಟ, ವರ್ಷ. ಹಳ್ಳಿಗೆ ಹೋದವರು ಮನೆ ನಂಬರ್ ಕೇಳದೆ 'ಶಾನುಭೋಗರ ಮನೆ ಎಲ್ಲಿ?' ಅಂತ ಕೇಳುತ್ತಾರಲ್ಲ, ಹಾಗೆ. ಲಿಂಕ್ ಒತ್ತಿದ ಮೇಲೆ ಲೈಬ್ರರಿಯ ಸರ್ವರ್ ಆ ಗುರುತು ನೋಡಿ, ತನ್ನ ಚಂದಾ ಎಲ್ಲಿದೆಯೋ ಅಲ್ಲಿಗೆ ಕಳಿಸುತ್ತದೆ. ಓಪನ್‌ಯುಆರ್‌ಎಲ್ ಅಂತ ಇದಕ್ಕೆ ಹೆಸರು. ಲೈಬ್ರರಿ ಡೇಟಾಬೇಸ್ ಬದಲಾಯಿಸಿದರೂ ಮೇಷ್ಟ್ರ ಪಟ್ಟಿ ಮುಟ್ಟಬೇಕಿಲ್ಲ. ನನ್ನನ್ನು ಕೇಳಿದರೆ ಈ ಇಡೀ ಏರ್ಪಾಟಿನ ಬೆನ್ನೆಲುಬೇ ಇದು, ಪರದೆಯ ಮೇಲೆ ಕಾಣಿಸದಿದ್ದರೂ.

ಪಟ್ಟಿ ಹೀಗೆ ಒಮ್ಮೆ ಶುದ್ಧವಾದರೆ ಮಿಕ್ಕಿದ್ದು ಸಲೀಸು. ಮೂಡಲ್‌ನಂಥ ಕಲಿಕಾ ತಾಣದ ಒಳಗೇ ಅದು ಕಾಣುತ್ತದೆ. ಕೋರ್ಸಿನಲ್ಲಿ ಎಷ್ಟು ಜನ, ಪುಸ್ತಕ ಓದಲೇಬೇಕಾದ್ದೋ ಅಲ್ಲವೋ, ಇವೆರಡನ್ನು ನೋಡಿ ಎಷ್ಟು ಪ್ರತಿ ಕೊಳ್ಳಬೇಕು ಅಂತ ಲೈಬ್ರರಿ ಮುಂಚೆಯೇ ಲೆಕ್ಕ ಹಾಕಬಹುದು. ಒಂದೇ ಅಧ್ಯಾಯ ಬೇಕಿದ್ದರೆ ಸ್ಕ್ಯಾನ್ ಮಾಡಬಹುದು. ಇದಕ್ಕೆ ಬ್ರಿಟನ್ನಿನ ವಿಶ್ವವಿದ್ಯಾಲಯಗಳು ಲೈಸೆನ್ಸ್ ಪಡೆಯುತ್ತವೆ. ಒಂದು ಅಧ್ಯಾಯ ಅಥವಾ ಪುಸ್ತಕದ ಶೇ. 10, ಯಾವುದು ಜಾಸ್ತಿಯೋ ಅಷ್ಟು. ನಮ್ಮಲ್ಲಿ ಈ ಪ್ರಶ್ನೆ ಕೋರ್ಟಿಗೇ ಹೋಗಿತ್ತು. ದೆಹಲಿ ವಿಶ್ವವಿದ್ಯಾಲಯದ ಆವರಣದ ಜೆರಾಕ್ಸ್ ಅಂಗಡಿಯ ಕೋರ್ಸ್ ಪ್ಯಾಕ್‌ಗಳ ಮೇಲೆ ದೊಡ್ಡ ಪ್ರಕಾಶಕರು 2012ರಲ್ಲಿ ಕೇಸು ಹಾಕಿದರು. 2016ರಲ್ಲಿ ದೆಹಲಿ ಹೈಕೋರ್ಟ್ ಪಾಠಕ್ಕೆ ಬೇಕಾದಷ್ಟು ಪ್ರತಿ ಮಾಡಲು ಕಾನೂನಿನಲ್ಲಿ ಅವಕಾಶವಿದೆ ಎಂದಿತು. ಆ ಪ್ಯಾಕ್‌ಗಳಲ್ಲಿ ಇದ್ದದ್ದು ಮೇಷ್ಟ್ರು ಓದಲು ಹೇಳಿದ ಪುಟಗಳೇ ಅಲ್ವಾ?

ಇಷ್ಟೆಲ್ಲ ಇದ್ದೂ ಸಾಫ್ಟ್‌ವೇರ್ ಮೂಲೆ ಸೇರುವುದುಂಟು. ಕಾರಣ, ಪಟ್ಟಿ ಹಾಕಬೇಕಾದವರು ಮೇಷ್ಟ್ರು, ಲಾಭ ಮೊದಲು ಕಾಣುವುದು ಲೈಬ್ರರಿಗೆ. 'ನನಗ್ಯಾಕೆ ಇನ್ನೊಂದು ಲಾಗಿನ್ನು?' ಅಂತ ಅವರು ಕೇಳಿದರೆ ತಪ್ಪಿಲ್ಲ. ತರಬೇತಿ ಶಿಬಿರ ಇಟ್ಟು ಸರ್ಟಿಫಿಕೇಟ್ ಹಂಚಿದರೆ ಇದು ಬಗೆಹರಿಯದು. ಮೊದಲ ವರ್ಷ ಅವರ ಹಳೇ ವರ್ಡ್ ಫೈಲನ್ನೇ ಇಸಿದುಕೊಂಡು ಲೈಬ್ರರಿ ಸಿಬ್ಬಂದಿ ತಾವೇ ಪಟ್ಟಿ ಕಟ್ಟಿಕೊಡುವುದು ವಾಸಿ. ಮುಂದಿನ ವರ್ಷ ಅದೇ ಪಟ್ಟಿಯ ನಕಲು ತೆಗೆದು ನಾಲ್ಕು ಸಾಲು ತಿದ್ದಿದರೆ ಮುಗಿಯಿತು ಅಂತ ಗೊತ್ತಾದಾಗ ಮೇಷ್ಟ್ರೂ ಒಪ್ಪುತ್ತಾರೆ.

ನಮ್ಮ ಎಷ್ಟೋ ಲೈಬ್ರರಿಗಳು ಕೋಹಾ ಬಳಸುತ್ತವೆ. ನ್ಯೂಜಿಲೆಂಡಿನಲ್ಲಿ ಹುಟ್ಟಿದ ಈ ಉಚಿತ ಸಾಫ್ಟ್‌ವೇರಿನಲ್ಲಿ 'ಕೋರ್ಸ್ ರಿಸರ್ವ್ಸ್' ಎಂಬ ಭಾಗ ಆಗಲೇ ಇದೆ. ಸೆಟ್ಟಿಂಗಿನಲ್ಲಿ ಆನ್ ಮಾಡಿಕೊಳ್ಳಬೇಕು. ಆಸ್ಪೈರ್, ಲೆಗಾಂಟೊಗಳ ನಾಜೂಕು ಇದಕ್ಕಿಲ್ಲ, ವಾರವಾರದ ಓದನ್ನು ಇದು ಹೇಳದು. ಆದರೆ ಯಾವ ಪುಸ್ತಕ ಯಾವ ಕೋರ್ಸಿನದು, ಯಾವ ಮೇಷ್ಟ್ರದು ಎಂದು ತೋರಿಸುತ್ತದೆ. ಕೋರ್ಸ್ ನಡೆಯುವಷ್ಟು ದಿನ ಆ ಪ್ರತಿಗಳನ್ನು ಮನೆಗೆ ಕೊಡದೆ ಲೈಬ್ರರಿಯಲ್ಲೇ ಓದಲು ಇಡುವ ಹಾಗೆ ನಿಯಮ ಬದಲಾಯಿಸುತ್ತದೆ, ಮುಗಿದ ಮೇಲೆ ಹಳೆಯ ನಿಯಮಕ್ಕೆ ತರುತ್ತದೆ. ಶುರು ಮಾಡುವವರು ಇಡೀ ವಿಶ್ವವಿದ್ಯಾಲಯಕ್ಕೆ ಕೈ ಹಾಕಬೇಕಿಲ್ಲ, ಪುಸ್ತಕಕ್ಕೆ ಅತಿ ಹೆಚ್ಚು ಕಿತ್ತಾಟ ನಡೆಯುವ ಒಂದು ವಿಭಾಗ ಸಾಕು.